ಗುಂಡಿಗೆ ಯಂತ್ರ ಇಳಿಯಲಿ

ಮಾಯಸಂದ್ರದಲ್ಲಿ ಮೊನ್ನೆ ಸೇರಿದ್ದ ನಮ್ಮ ಪಕ್ಷದ ಸಣ್ಣ ಸಭೆಯಲ್ಲಿ ಕಿರಾಣಿ ಅಂಗಡಿಯ ಯಜಮಾನರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಯೇ ಈ ವಾರದ ಲೇಖನಕ್ಕೆ ಕಾರಣ. "ಅಲ್ಲ ಮೇಷ್ಟ್ರೇ, ನಾರಿನ ಮಿಲ್ಲಿಗೆ ದೊಡ್ಡ ಮಿಷನ್ನು ಬಂದರೆ ಕೂಲಿಯವರ ಹೊಟ್ಟೆ ಮೇಲೆ ಹೊಡೀತದೆ ಅಂತ ಭಾಷಣ ಮಾಡಿದೋರು ನೀವೇ. ಈಗ ಪಾಯಿಖಾನೆ ಗುಂಡಿಗೆ ಮಿಷನ್ನು ತರಿಸಿ ಅಂತ ಅರ್ಜಿ ಬರೆಸ್ತಾ ಇರೋರೂ ನೀವೇ. ನಿಮ್ಮ ಪಾರ್ಟಿಗೆ ಮಿಷನ್ನು ಬೇಕೋ, ಬೇಡವೋ, ಒಂದು ಹೇಳಿಬಿಡಿ" ಎಂದರು. ಸಭೆ ನಕ್ಕಿತು. ನಾವೂ ನಕ್ಕೆವು. ಸಭೆಯ ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಮಾತ್ರ ನಗಲಿಲ್ಲ. ಗುಂಡಿ ಖಾಲಿ ಮಾಡುವ ಕೆಲಸಕ್ಕೆ ಊರೂರು ತಿರುಗುವವನು ಆತ. ಸಭೆ ಮುಗಿದ ಮೇಲೆ ನಮ್ಮ ಬಳಿಗೆ ಬಂದು, "ಆ ಯಜಮಾನ್ರಿಗೆ ಒಂದು ಸಲ ಬಗ್ಗಿ ನೋಡೋಕೆ ಹೇಳಿ ಸಾಮಿ, ಇಳಿಯೋದು ಬೇಡ" ಎಂದಷ್ಟೇ ಹೇಳಿ ಹೋದ. ಅಂದು ಸಭೆಯಲ್ಲಿ ನಾವು ಕೊಟ್ಟ ಉತ್ತರ ಚುಟುಕಾಯಿತು. ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇವೆ.

ತೆಂಗಿನ ಸೀಮೆಯ ನಮಗೆ ದೋಟಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಮರ ಎತ್ತರ, ಹತ್ತಿದವನು ಜಾರಿದರೆ ಸೊಂಟ ಮುರಿಯುತ್ತದೆ, ಇಲ್ಲವೆ ಜೀವ ಹೋಗುತ್ತದೆ. ಅದಕ್ಕೇ ನಮ್ಮ ಹಿರಿಯರು ಬಿದಿರಿನ ಗಳುವಿಗೆ ಕುಡುಗೋಲು ಕಟ್ಟಿದರು. ಮನುಷ್ಯ ನೆಲದ ಮೇಲೆ ನಿಂತ, ಕೈ ಮಾತ್ರ ಮರದ ಸುಳಿಗೆ ಹೋಯಿತು. ದೋಟಿ ತಲಪದ ಮರಕ್ಕೆ ಇಂದಿಗೂ ಹತ್ತುವವರು ಬೇಕು. ಅವರಿಗೆ ಕಾಲಿಗೆ ಕಟ್ಟುವ ಹತ್ತುಯಂತ್ರವನ್ನು ಕಲಿಸಲು ತೆಂಗು ಅಭಿವೃದ್ಧಿ ಮಂಡಲಿಯವರು 2011ರಲ್ಲಿ ತರಬೇತಿ ಶಿಬಿರಗಳನ್ನು ಆರಂಭಿಸಿದರು. ಹಾಳು ಬಾವಿಗೆ ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದವರೂ ನಮ್ಮ ಹಿರಿಯರೇ. ದೀಪ ಆರಿದರೆ ಆ ದಿನ ಯಾರೂ ಇಳಿಯುತ್ತಿರಲಿಲ್ಲ. (ಮಲದ ಗುಂಡಿಯಲ್ಲಿ ಈ ದೀಪದ ಪರೀಕ್ಷೆಯನ್ನು ದಯವಿಟ್ಟು ಯಾರೂ ಮಾಡಬೇಡಿರಿ. ಅಲ್ಲಿನ ಗಾಳಿಗೆ ಬೆಂಕಿ ಹತ್ತಿಕೊಳ್ಳುತ್ತದೆ.) ಅಪಾಯದ ಜಾಗಕ್ಕೆ ಮೈಯನ್ನು ಕಳಿಸದೆ ಸಾಧನವನ್ನು ಕಳಿಸುವ ಬುದ್ಧಿ ನಮಗೆ ಹೊಸದಲ್ಲ. ಈಗ ಪತ್ರಿಕೆಗಳಲ್ಲಿ ಬರುವ ರೋಬೋಟು, ದೂರನಿಯಂತ್ರಣ ಎಂಬ ದೊಡ್ಡ ಮಾತುಗಳ ಒಳಗಿರುವುದೂ ದೋಟಿಯ ಬುದ್ಧಿಯೇ.

ಆ ಬುದ್ಧಿ ಎಲ್ಲಿಯವರೆಗೆ ಬೆಳೆದಿದೆ ಎಂದು ನೋಡಲು ಬೇರೆ ದೇಶಕ್ಕೆ ಹೋಗುವ ಅಗತ್ಯವಿಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ನಾಲ್ಕು ಅಣುಸ್ಥಾವರಗಳಿವೆ. ಒಂದೊಂದರಲ್ಲೂ 306 ಕೊಳವೆಗಳು, ಒಂದೊಂದು ಕೊಳವೆಯೊಳಗೂ ಮೊಳದುದ್ದದ ಯುರೇನಿಯಂ ಕಟ್ಟುಗಳ ಸಾಲು. ಉರಿದು ಮುಗಿದ ಕಟ್ಟಿನ ಎದುರು ಮನುಷ್ಯ ನಿಂತರೆ ನಿಮಿಷಗಳಲ್ಲಿ ಸಾವಿಗೆ ಸಾಕಾಗುವಷ್ಟು ವಿಕಿರಣ ಮೈಗೆ ತಾಗುತ್ತದೆ. ಆದ್ದರಿಂದ ಅಲ್ಲಿ ಯಾರೂ ನಿಲ್ಲುವುದಿಲ್ಲ. ಕೊಳವೆಯ ಎರಡು ತುದಿಗೂ ಒಂದೊಂದು ಯಂತ್ರ ಬಂದು ಕಚ್ಚಿಕೊಳ್ಳುತ್ತದೆ. ಒಂದು ಕಡೆಯದು ಹೊಸ ಕಟ್ಟನ್ನು ತಳ್ಳುತ್ತದೆ, ಇನ್ನೊಂದು ಕಡೆಯದು ಹಳೆಯದನ್ನು ಎಳೆದುಕೊಂಡು ನೀರಿನ ಕೊಳಕ್ಕೆ ಸಾಗಿಸುತ್ತದೆ. ನಡೆಸುವವರು ದಪ್ಪ ಗೋಡೆಯ ಆಚೆ, ಬೇರೆ ಕೋಣೆಯಲ್ಲಿ ಕೂತಿರುತ್ತಾರೆ. ಸ್ಥಾವರವನ್ನು ನಿಲ್ಲಿಸಬೇಕಾದ್ದೂ ಇಲ್ಲ. ಕೈಗಾದ ಮೊದಲನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ದಾಖಲೆ ಮಾಡಿದ್ದಕ್ಕೆ ಈ ಏರ್ಪಾಡೂ ಒಂದು ಕಾರಣ. ಅಮೆರಿಕದ ಅಣು ಪ್ರಯೋಗಾಲಯಗಳಲ್ಲಿ 1940ರ ದಶಕದ ಕೊನೆಯ ಹೊತ್ತಿಗೇ ಗಾಜಿನ ಈಚೆ ಮನುಷ್ಯ ಕೈ ಆಡಿಸಿದರೆ ಆಚೆ ಉಕ್ಕಿನ ಕೈ ಅದರಂತೆಯೇ ಆಡುವ ಸಾಧನ ತಯಾರಾಗಿತ್ತು. ಮುಂಬಯಿಯ ಭಾಭಾ ಅಣುಸಂಶೋಧನಾ ಕೇಂದ್ರದಲ್ಲೂ ಅಂಥ ಕೈಗಳಿವೆ.

ಕೈಗಾದಂಥ ಅಣುಸ್ಥಾವರವನ್ನು ನಡೆಸುವ ದೇಶದಲ್ಲೇ ನಡೆದಿರುವ ಇನ್ನೊಂದು ಕೆಲಸ ನೋಡಿರಿ. 2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. ನೊಬೆಲ್ ಪಡೆದ ವಿಜ್ಞಾನಿಯ ಹೆಸರಿನ ಬಡಾವಣೆ! 2021ರ ಜೂನಿನಲ್ಲಿ ರಾಮನಗರದಲ್ಲಿ ಮತ್ತೆ ಮೂವರು. ಒಳಚರಂಡಿ ಮತ್ತು ಮಲದ ಗುಂಡಿಗಳ ಅಪಾಯಕಾರಿ ಕೆಲಸದಲ್ಲಿ 2019ರಿಂದ 2023ರವರೆಗೆ ದೇಶದಲ್ಲಿ 377 ಜನ ಸತ್ತರೆಂದು ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಸರ್ಕಾರ ಒಪ್ಪಿಕೊಂಡ ಲೆಕ್ಕ ಇಷ್ಟು. ಹಳ್ಳಿಯ ಮನೆಯ ಹಿತ್ತಲಿನಲ್ಲಿ ಸತ್ತು, "ಕಾಲು ಜಾರಿ ಬಿದ್ದ" ಎಂದು ಬರೆಸಿಕೊಂಡವರು ಈ ಲೆಕ್ಕಕ್ಕೆ ಸೇರುವುದಿಲ್ಲವೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಅವರು ಸಾಯುವುದು ಹೇಗೆಂಬುದನ್ನು ಬಿಡಿಸಿ ಹೇಳದೆ ಮುಂದಕ್ಕೆ ಹೋಗಲಾರೆವು. ಪಾಠ ಹೇಳಿದವರ ಹಳೆಯ ಚಾಳಿ, ಕ್ಷಮಿಸಬೇಕು. ಮುಚ್ಚಿದ ಗುಂಡಿಯಲ್ಲಿ ಮಲ ಕೊಳೆತಾಗ ಗಂಧಕದ ಒಂದು ವಿಷಾನಿಲ ಹುಟ್ಟುತ್ತದೆ. ಹೈಡ್ರೋಜನ್ ಸಲ್ಫೈಡ್ ಎಂದು ಅದರ ಹೆಸರು. ಕೊಳೆತ ಮೊಟ್ಟೆಯ ನಾತ ಅದರದೇ. ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳದಲ್ಲೇ ಕೂತಿರುತ್ತದೆ. ಸ್ವಲ್ಪ ಇದ್ದರೆ ನಾತ ಹೊಡೆಯುತ್ತದೆ, ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ನಾತ ನಿಂತಿತು, ಗುಂಡಿ ತಿಳಿಯಾಯಿತು ಎಂದುಕೊಂಡು ಇಳಿದವನು ಒಂದೆರಡು ಉಸಿರಿನಲ್ಲಿ ಕುಸಿಯುತ್ತಾನೆ. ಕಲಕದೆ ಇದ್ದಾಗ ಕೆಸರಿನೊಳಗೆ ಅಡಗಿರುವ ಅನಿಲ ಕಾಲಿಟ್ಟು ಕಲಕಿದೊಡನೆ ಮೇಲೇಳುತ್ತದೆ. ಆಮ್ಲಜನಕವೂ ಅಲ್ಲಿ ಸಾಲದು. ಬಿದ್ದವನನ್ನು ಎತ್ತಲು ಅಣ್ಣನೋ ತಮ್ಮನೋ ಜೊತೆಯವನೋ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಇಂಥ ಸುದ್ದಿಗಳಲ್ಲಿ ಸತ್ತವರ ಸಂಖ್ಯೆ ಒಂದಕ್ಕೆ ನಿಲ್ಲದೆ ಎರಡು, ಮೂರು ಆಗುವುದು ಇದರಿಂದಲೇ. 2015ರ ನವೆಂಬರಿನಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಮ್ಯಾನ್‌ಹೋಲಿಗೆ ಬಿದ್ದ ಇಬ್ಬರು ಕೂಲಿಕಾರರನ್ನು ಉಳಿಸಲು ದಾರಿಯಲ್ಲಿ ಹೋಗುತ್ತಿದ್ದ ಆಟೋ ಚಾಲಕರೊಬ್ಬರು ಇಳಿದರು. ಮೂವರೂ ಸತ್ತರು.

ಕೇರಳದ ಸಾವು ಅಲ್ಲಿಗೇ ಮುಗಿಯಲಿಲ್ಲ ಎಂಬುದನ್ನು ಹೇಳಬೇಕು. ಕಾಲೇಜಿನಿಂದ ಆಗತಾನೆ ಹೊರಬಂದ ಕೆಲವು ಇಂಜಿನಿಯರ್ ಹುಡುಗರು ಮ್ಯಾನ್‌ಹೋಲಿಗೆ ಇಳಿಯುವ ಯಂತ್ರವೊಂದನ್ನು ಕಟ್ಟಿದರು. 2018ರಲ್ಲಿ ತಿರುವನಂತಪುರದಲ್ಲಿ ಅದು ಕೆಲಸಕ್ಕೆ ಇಳಿಯಿತು. ಅದಕ್ಕೆ ಅವರಿಟ್ಟ ಹೆಸರು ಬ್ಯಾಂಡಿಕೂಟ್, ಅಂದರೆ ಹೆಗ್ಗಣ. ಮೇಲೆ ಒಂದು ಚೌಕಟ್ಟು, ಅದರಿಂದ ಹಗ್ಗದ ಮೇಲೆ ಒಳಗಿಳಿಯುವ ಒಂದು ಭಾಗ. ಒಳಕ್ಕೆ ಹೋದ ಮೇಲೆ ಅದು ಕಾಲು ಚಾಚಿ ಗೋಡೆಗೆ ಒತ್ತಿ ನಿಲ್ಲುತ್ತದೆ. ಕ್ಯಾಮೆರಾ ಇದೆ, ವಿಷಾನಿಲ ಇದೆಯೇ ಎಂದು ಹೇಳುವ ಸಾಧನವಿದೆ, ಕಲ್ಲು ಮಣ್ಣು ಬಟ್ಟೆ ಪ್ಲಾಸ್ಟಿಕ್ಕನ್ನು ಬಾಚಿ ಬಕೆಟ್ಟಿಗೆ ತುಂಬುವ ಕೈ ಇದೆ. ಮೇಲೆ ನಿಂತವನು ಪರದೆ ನೋಡಿಕೊಂಡು ಅದನ್ನು ಆಡಿಸುತ್ತಾನೆ. ನಮ್ಮ ಕಡೆ ಕಾಣುವ ಹೀರುವ ಟ್ಯಾಂಕರಿಗೂ ಇದಕ್ಕೂ ವ್ಯತ್ಯಾಸವಿದೆ. ಸಕ್ಕಿಂಗ್ ಮಷಿನ್ ತೆಳ್ಳಗಿನದನ್ನು ಎಳೆಯುತ್ತದೆ, ಜೆಟ್ಟಿಂಗ್ ಮಷಿನ್ ನೀರಿನ ಒತ್ತಡದಿಂದ ಕಟ್ಟಿಕೊಂಡದ್ದನ್ನು ತಳ್ಳುತ್ತದೆ. ತಳದಲ್ಲಿ ಗಟ್ಟಿಯಾಗಿ ಕೂತದ್ದು ಎರಡಕ್ಕೂ ಬಗ್ಗುವುದಿಲ್ಲ. ಆಗಲೇ ಮೇಸ್ತ್ರಿ ಸುತ್ತ ನೋಡಿ, "ಐದು ನಿಮಿಷದ ಕೆಲಸ, ಇಳಿದುಬಿಡೋ" ಎನ್ನುವುದು. ಸಾಯುವುದು ಈ ಐದು ನಿಮಿಷದಲ್ಲೇ.

ಕಾಯಿದೆಯಿಲ್ಲವೇ ಎಂದರೆ, ಬೇಕಾದಷ್ಟಿದೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಆಜ್ಞೆ ಹೊರಡಿಸಿದರು. 1993ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. 2013ರಲ್ಲಿ ಇನ್ನೊಂದು ಮಾಡಿತು. ಈ ಎರಡನೆಯದು ರಕ್ಷಣೆಯಿಲ್ಲದೆ ಒಳಚರಂಡಿಗೆ, ಮಲದ ಗುಂಡಿಗೆ ಮನುಷ್ಯನನ್ನು ಇಳಿಸುವುದನ್ನೇ ಅಪರಾಧವೆನ್ನುತ್ತದೆ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 1993ರ ಕಾಯಿದೆ ಇದ್ದೂ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಮನೆಯಿಂದ ಎಬ್ಬಿಸಲು ಹೊರಟ ಪುರಸಭೆಯ ಎದುರು ಆ ಕೆಲಸದ ಜನ ಮೈಗೆ ಮಲ ಬಳಿದುಕೊಂಡು ನಿಂತದ್ದನ್ನು ನಾಡು ಕಂಡಿತು. ಅಂದು ವಿಧಾನಸೌಧದಲ್ಲಿ ತಲೆ ತಗ್ಗಿಸಿದವರಿದ್ದರು. ಮತ್ತೆ ತಲೆ ಎತ್ತಿಕೊಳ್ಳಲು ಅವರಿಗೆ ಹೆಚ್ಚು ದಿನ ಬೇಕಾಗಲಿಲ್ಲ.

ಯಂತ್ರ ತಿಳಿದಿದೆ, ಕಾಯಿದೆ ಬರೆದಿದೆ, ಆದರೂ ದೋಟಿ ಗುಂಡಿಯ ಬಳಿಗೆ ಬರಲಿಲ್ಲ. ಕಾರಣವನ್ನು ಸುತ್ತಿ ಬಳಸಿ ಹೇಳುವ ಅಗತ್ಯ ನಮಗಿಲ್ಲ. ಕೈಗಾದ ಕೊಳವೆಯ ಎದುರು ನಿಲ್ಲಬೇಕಾದವನು ಯಾವ ಜಾತಿಯವನೂ ಆಗಿರಬಹುದಾಗಿತ್ತು. ಗುಂಡಿಗೆ ಇಳಿಯಬೇಕಾದವನು ಯಾರೆಂಬುದು ಹುಟ್ಟಿನಲ್ಲೇ ತೀರ್ಮಾನವಾಗಿತ್ತು. ಯಾರ ಮನೆಯ ಮಗ ಸಾಯುತ್ತಾನೆಂದು ಮೊದಲೇ ಗೊತ್ತಿರುವ ಕೆಲಸಕ್ಕೆ ಈ ದೇಶ ಯಂತ್ರ ಹುಡುಕುವ ಗೋಜಿಗೆ ಹೋಗಲಿಲ್ಲ. ಕೋಲಾರದ ಚಿನ್ನದ ಗಣಿಯ ಕಥೆಯೂ ಇದೇ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದದ್ದು ಗಣಿಯ ಯಂತ್ರಗಳಿಗಾಗಿ. ಬೆಂಗಳೂರಿನ ಬೀದಿಗೇ ದೀಪ ಬರಲು 1905 ಆಗಬೇಕಾಯಿತು. ಚಿನ್ನ ಎತ್ತಲು ಆ ಕಾಲದ ಜಗತ್ತಿನ ಅತ್ಯುತ್ತಮ ಯಂತ್ರ ಬಂದ ಅದೇ ಊರಿನಲ್ಲಿ, ಗಣಿ ಮುಚ್ಚಿ ಹತ್ತು ವರ್ಷವಾದ ಮೇಲೂ, 2011ರ ಸುಮಾರಿನಲ್ಲಿ, ಕಾರ್ಮಿಕರ ಕಾಲೊನಿಗಳ ಒಣ ಪಾಯಿಖಾನೆಗಳನ್ನು ಕೈಯಿಂದ ಬಳಿಯುತ್ತಿದ್ದಾರೆಂದು ವರದಿಗಳು ಬಂದವು.

ನಮ್ಮ ಕಮ್ಯೂನಿಸ್ಟ್ ಗೆಳೆಯರು ಇದನ್ನು ಬರೀ ಬಂಡವಾಳಶಾಹಿಯ ಪಾಪವೆನ್ನುತ್ತಾರೆ. ಅವರಿಗೊಂದು ಸಂಗತಿ ನೆನಪಿಸಬೇಕು. 1986ರಲ್ಲಿ ಸೋವಿಯತ್ ದೇಶದ ಚೆರ್ನೋಬಿಲ್‌ನಲ್ಲಿ ಅಣುಸ್ಥಾವರ ಸಿಡಿದಾಗ ಮಾಡಿನ ಮೇಲೆ ಬಿದ್ದಿದ್ದ ವಿಷಮಯ ಚೂರುಗಳನ್ನು ತಳ್ಳಲು ಮೊದಲು ಯಂತ್ರಗಳನ್ನೇ ಬಿಟ್ಟರು. ವಿಕಿರಣದ ಹೊಡೆತಕ್ಕೆ ಯಂತ್ರಗಳೇ ಕೆಟ್ಟುನಿಂತವು. ಆಮೇಲೆ ಸಲಿಕೆ ಕೊಟ್ಟು ಸಾವಿರಾರು ಸೈನಿಕರನ್ನು ಸರದಿಯಂತೆ ಮಾಡಿಗೆ ಹತ್ತಿಸಿದರು. ಒಬ್ಬೊಬ್ಬನಿಗೂ ಒಂದೆರಡು ನಿಮಿಷ ಅವಧಿ. ಅವರಿಗೆ ಅಲ್ಲಿ ಬಂದ ಅಡ್ಡಹೆಸರು ಜೀವಂತ ರೋಬೋಟುಗಳು ಎಂದು. ಕಾರ್ಮಿಕರ ರಾಜ್ಯವೆಂದು ಬೋರ್ಡು ಹಾಕಿಕೊಂಡ ಮಾತ್ರಕ್ಕೆ ಕಾರ್ಮಿಕನ ಮೈಗೆ ಬೆಲೆ ಬರುವುದಿಲ್ಲ. ಜಪಾನಿನವರು 2011ರ ಫುಕುಶಿಮಾ ದುರಂತದ ನಂತರ ಬೇರೆ ದಾರಿ ಹಿಡಿದರು, ಬಹಳ ನಿಧಾನದ ದಾರಿ. ಕರಗಿ ಗಟ್ಟಿಯಾದ ಇಂಧನ ಅಲ್ಲಿ ಸುಮಾರು 880 ಟನ್ ಬಿದ್ದಿದೆ. ಅದರ ಬಳಿಗೆ ಯಾರನ್ನೂ ಕಳಿಸುವಂತಿಲ್ಲ. ಹದಿಮೂರು ವರ್ಷದ ಪ್ರಯತ್ನದ ಮೇಲೆ, 2024ರ ನವೆಂಬರಿನಲ್ಲಿ, ಉದ್ದಕ್ಕೆ ಚಾಚುವ ಒಂದು ಕೋಲಿನಿಂದ ಅದರ ಒಂದು ಚೂರನ್ನು ಹೊರಗೆ ತೆಗೆದರು. ತೂಕ ಒಂದು ಗ್ರಾಮೂ ಇಲ್ಲ. ಆ ಕೋಲಿನ ಚಿತ್ರ ನೋಡಿದರೆ ತುರುವೇಕೆರೆ ತಾಲ್ಲೂಕಿನ ಯಾವ ರೈತನೂ ಅದನ್ನು ದೋಟಿ ಎಂದೇ ಕರೆದಾನು. ಒಂದು ಗ್ರಾಮಿಗೆ ಹದಿಮೂರು ವರ್ಷ ಕಾಯುವ ತಾಳ್ಮೆಯೂ ಮನುಷ್ಯರಿಗೆ ಇದೆ!

ಈಗ ನಮ್ಮ ಊರಿಗೆ ಬರೋಣ. ಮಾಯಸಂದ್ರದಂಥ ಊರಿನಲ್ಲಿ ಮನೆಗೊಂದು ರಿಂಗಿನ ಗುಂಡಿ. ಪಾಯಿಖಾನೆ ಕಟ್ಟಿಸಲು ಸರ್ಕಾರ ಹಣ ಕೊಟ್ಟಿತು, ಜನ ಕಟ್ಟಿಸಿದರು, ಒಳ್ಳೆಯದೇ ಆಯಿತು. ಗುಂಡಿ ತುಂಬಿದ ಮೇಲೆ ಏನು ಎಂಬುದನ್ನು ಹಣ ಕೊಟ್ಟವರೂ ಯೋಚಿಸಲಿಲ್ಲ, ಕಟ್ಟಿಸಿದವರೂ ಯೋಚಿಸಲಿಲ್ಲ. ಹಿತ್ತಲಿಗೆ ಟ್ಯಾಂಕರ್ ಹೋಗಲು ದಾರಿಯಿಲ್ಲ, ಮುಚ್ಚಳದ ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು ಮಾತ್ರ. ಆ ಬಾಯಿಯನ್ನು ಅಷ್ಟೇ ಅಗಲಕ್ಕೆ ಬಿಟ್ಟಾಗ ಯಾರ ಮೈ ಅಳತೆ ಮನಸ್ಸಿನಲ್ಲಿತ್ತು ಎಂದು ಮನೆಯ ಯಜಮಾನರು ತಮ್ಮನ್ನೇ ಕೇಳಿಕೊಳ್ಳಲಿ. ನಮ್ಮ ವರ್ತಕ ಓದುಗರನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇವೆ. ಬಜಾರಿನ ಸಾಲು ಅಂಗಡಿಗಳ ಹಿಂದಿನ ಗುಂಡಿ ತುಂಬಿದಾಗ ಕರೆಯುವುದು ಪಂಚಾಯಿತಿಯನ್ನಲ್ಲ, ಗುಟ್ಟಾಗಿ, ಕತ್ತಲಾದ ಮೇಲೆ, ಐನೂರಕ್ಕೋ ಸಾವಿರಕ್ಕೋ ಒಪ್ಪುವವನನ್ನು. ಏನಾದರೂ ಆದರೆ ಕಾಯಿದೆ ಹಿಡಿಯುವುದು ಕೆಲಸ ಕೊಟ್ಟವನನ್ನೇ, ಅದು ಕಂತ್ರಾಟುದಾರನಿರಲಿ, ಮನೆಯವನಿರಲಿ, ಅಂಗಡಿಯವನಿರಲಿ. ಜೀವದ ಜೊತೆಗೆ ದುಡ್ಡಿನ ಲೆಕ್ಕ ಹಾಕುವುದು ನಮಗೆ ಹೇಸಿಗೆ. ಆದರೂ 30 ಲಕ್ಷ ಪರಿಹಾರದ ಎದುರು ಟ್ಯಾಂಕರಿನ ಬಾಡಿಗೆಯನ್ನು ತಕ್ಕಡಿಗೆ ಹಾಕಿ ನೋಡಲು ವ್ಯಾಪಾರ ಬಲ್ಲವರಿಗೆ ಬರುತ್ತದೆ.

ಮಿಲ್ಲಿನ ಕೆಲಸಗಾರರಿಗೆ ಇದು ಬೇರೆಯವರ ಕಥೆ ಎನ್ನಿಸಬಾರದು. ಕೊಬ್ಬರಿ ಪುಡಿ ಮಿಲ್ಲುಗಳಲ್ಲಿ ಕಾಯಿ ಒಡೆದ ನೀರು, ತೊಳೆದ ನೀರು ಹಿಂದಿನ ತೊಟ್ಟಿಗೆ ಹರಿಯುತ್ತದೆ. ಎಳನೀರಿನ ಸಕ್ಕರೆ, ಕಾಯಿಯ ಜಿಡ್ಡು ಸೇರಿ ಅದು ಕೊಳೆಯಲು ಹೊತ್ತು ಬೇಕಿಲ್ಲ. ಮುಚ್ಚಿದ ತೊಟ್ಟಿಯಾದರೆ ಮಲದ ಗುಂಡಿಯಲ್ಲಿ ಹುಟ್ಟುವ ಅನಿಲವೇ ಇಲ್ಲೂ ಹುಟ್ಟುತ್ತದೆ. ಅನಿಲಕ್ಕೆ ಜಾತಿ ತಿಳಿಯದು. ತೊಟ್ಟಿಯ ತಳದ ಗಷ್ಟು ತೆಗೆಯಲು ಇಳಿಸುವುದು ಮಾತ್ರ ದಿನಗೂಲಿಯವನನ್ನೇ. ಇಂಥ ತೊಟ್ಟಿಗೆ ಗಾಳಿ ಪರೀಕ್ಷೆ ಮಾಡಿ ಬಲ್ಲವರು ಬರಹದಲ್ಲಿ ಒಪ್ಪಿಗೆ ಕೊಡದೆ, ಇಲ್ಲವೆ ಉಸಿರಾಟದ ಸಾಧನ ತೊಟ್ಟು ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ಹೊರಗಿನವನ ಕೈಗೆ ಕೊಡದೆ ಯಾರನ್ನೂ ಇಳಿಸಕೂಡದೆಂದು 1948ರ ಕಾರ್ಖಾನೆ ಕಾಯಿದೆಯ 36ನೆಯ ಕಲಮಿನಲ್ಲೇ ಬರೆದಿತ್ತು. ಅದನ್ನು ಓದಿ ಹೇಳಿದವರು ಎಷ್ಟು ಜನ? 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯಿದೆ ಹೋಯಿತು. ಕರೆಂಟಿನ ಯಂತ್ರವಿರುವ ಜಾಗ ಕಾರ್ಖಾನೆ ಎನಿಸಿಕೊಳ್ಳಲು ಮೊದಲು 10 ಜನ ಕೆಲಸಗಾರರು ಸಾಕಾಗಿತ್ತು, ಹೊಸ ಲೆಕ್ಕದಲ್ಲಿ 20 ಜನ ಬೇಕು. ತಿಪಟೂರು, ತುರುವೇಕೆರೆ ಕಡೆಯ ಸಣ್ಣ ಮಿಲ್ಲುಗಳಲ್ಲಿ ಕೆಲಸ ಮಾಡುವವರು ತಮ್ಮ ಮಿಲ್ಲಿನ ತಲೆ ಎಣಿಸಿಕೊಳ್ಳಲಿ. ಹದಿನೈದು ಜನರಿದ್ದರೆ ನೀವು ಕಾರ್ಖಾನೆಯಲ್ಲಿ ದುಡಿಯುತ್ತಿಲ್ಲ. ಎಲ್ಲಿ ದುಡಿಯುತ್ತಿದ್ದೀರೆಂದು ಸರ್ಕಾರವನ್ನೇ ಕೇಳಬೇಕು.

ಅಂಗಡಿಯ ಯಜಮಾನರ ಪ್ರಶ್ನೆಗೆ ಈಗ ನೇರ ಉತ್ತರ ಕೊಡುತ್ತೇವೆ. ಹತ್ತು ಹೆಂಗಸರು ಕೂತು ಮಾಡುವ ಕೆಲಸವನ್ನು ಕಸಿದು ಒಬ್ಬ ಮಾಲೀಕನ ತಿಜೋರಿ ತುಂಬಿಸಲು ಬರುವ ಯಂತ್ರವನ್ನು, ಆ ಹತ್ತು ಜನಕ್ಕೆ ಬೇರೆ ದಾರಿ ತೋರಿಸುವವರೆಗೆ, ನಾವು ವಿರೋಧಿಸುತ್ತೇವೆ. ಗುಂಡಿಗೆ ಇಳಿಯುವ ಕೆಲಸದಲ್ಲಿ ಉಳಿಸಿಕೊಳ್ಳಬೇಕಾದ್ದು ಏನೂ ಇಲ್ಲ. ಆದರೆ ಅದರಲ್ಲೂ ಒಂದು ಮೋಸವಿದೆ, ಅದನ್ನು ಗಮನಿಸಬೇಕು. ಇಳಿಯುತ್ತಿದ್ದವನಿಗೆ "ನೀನಿನ್ನು ಬೇಡ" ಎಂದು ಹೇಳಿ, ಹಣವಂತನೊಬ್ಬ ಯಂತ್ರ ತಂದು ಗುತ್ತಿಗೆ ಹಿಡಿದರೆ, ಜೀವ ಉಳಿದೀತು, ಅನ್ನ ಹೋದೀತು. ಅನ್ನ ಹೋದವನು ಯಂತ್ರ ಕೆಟ್ಟ ದಿನ ಅರ್ಧ ಕೂಲಿಗೆ ಮತ್ತೆ ಇಳಿಯುತ್ತಾನೆ. ಡಾ. ರಾಮಮನೋಹರ ಲೋಹಿಯಾ ಅವರು ಸಣ್ಣ ಯಂತ್ರದ ಮಾತನ್ನು 1950ರ ದಶಕದಲ್ಲಿ ಮತ್ತೆ ಮತ್ತೆ ಆಡಿದ್ದು ಇಂಥದ್ದಕ್ಕೇ. ಯಂತ್ರ ಊರಿನ ಅಳತೆಗೆ ಇರಬೇಕು, ನಡೆಸುವವನ ಹಿಡಿತದಲ್ಲಿರಬೇಕು ಎಂಬುದು ಅವರ ವಾದದ ತಿರುಳು. ದೆಹಲಿಯಲ್ಲಿ 2019ರಲ್ಲಿ ಓಣಿಗಳಿಗೂ ನುಗ್ಗುವ 200 ಸಣ್ಣ ಚರಂಡಿಯಂತ್ರಗಳನ್ನು ಬ್ಯಾಂಕಿನ ಸಾಲದೊಡನೆ ಪರಿಶಿಷ್ಟ ಜಾತಿಯವರಿಗೆ, ಆ ಕೆಲಸದಲ್ಲಿದ್ದ ಕುಟುಂಬಗಳಿಗೆ ಕೊಡಿಸಿದರು. ಅದರಿಂದ ಎಲ್ಲವೂ ಸರಿಹೋಯಿತೆಂದು ನಾವು ಹೇಳುವುದಿಲ್ಲ. ಆಮೇಲೂ ದೆಹಲಿಯಲ್ಲಿ ಸಾವುಗಳಾದವು, ಮುಖ್ಯವಾಗಿ ಖಾಸಗಿಯವರು ಕತ್ತಲಲ್ಲಿ ಇಳಿಸಿದ ಕಡೆ. ಆದರೆ ಯಂತ್ರ ಯಾರ ಹೆಸರಿನಲ್ಲಿರಬೇಕೆಂಬ ಪ್ರಶ್ನೆಗೆ ಅಲ್ಲೊಂದು ಉತ್ತರವಿದೆ.

ನಮ್ಮ ಕಡೆ ಒಂದೊಂದು ಪಂಚಾಯಿತಿಯೂ ಒಂದೊಂದು ಯಂತ್ರ ಕೊಳ್ಳಬೇಕಾಗಿಲ್ಲ, ಕೊಳ್ಳಲಾರದು ಕೂಡ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಪಟ್ಟಣಗಳೂ ಹೋಬಳಿಯ ದೊಡ್ಡ ಪಂಚಾಯಿತಿಗಳೂ ಕೂಡಿ, ಹೀರುವ ಸಣ್ಣ ಟ್ಯಾಂಕರುಗಳನ್ನೂ ತಳದ ಗಷ್ಟು ತೆಗೆಯುವ ಕೈಯಂತ್ರ ಒಂದನ್ನೂ ತರಬಹುದು. ಈಗ ಗುಂಡಿಗೆ ಇಳಿಯುತ್ತಿರುವವರದೇ ಒಂದು ಸಹಕಾರ ಸಂಘ ಕಟ್ಟಿಸಿ ಯಂತ್ರವನ್ನು ಆ ಸಂಘದ ಹೆಸರಿಗೆ ಬರೆಯಬೇಕು. ಸಾಲಕ್ಕೆ ರಾಜ್ಯದ ಸಫಾಯಿ ಕರ್ಮಚಾರಿ ಅಭಿವೃದ್ಧಿ ನಿಗಮವಿದೆ. ಇಂಥ ಕೆಲಸಕ್ಕೆಂದೇ 2023ರಲ್ಲಿ ಆರಂಭವಾದ ನಮಸ್ತೆ ಎಂಬ ಕೇಂದ್ರದ ಯೋಜನೆಯಿದೆ. ಇನ್ನು ಯಂತ್ರ ನಡೆಸಲು ಓದಿದವರೇ ಬೇಕು ಎಂಬ ಮಾತು ಬರುತ್ತದೆ, ನಮಗೆ ಗೊತ್ತು. ಟ್ರಾಕ್ಟರು ಬಂದಾಗಲೂ ಬೋರ್‌ವೆಲ್ ಲಾರಿ ಬಂದಾಗಲೂ ಇದೇ ಮಾತು ಬಂದಿತ್ತು. ಗುಂಡಿಯ ಒಳಗು ಹೇಗಿರುತ್ತದೆಂದು ಕಣ್ಣಿಲ್ಲದೆ ಬಲ್ಲವನಿಗೆ ಪರದೆಯಲ್ಲಿ ಕಂಡದ್ದನ್ನು ಗುರುತಿಸಲು ಪದವಿ ಬೇಕಾಗಿಲ್ಲ.

ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಮೂರು ಪ್ರಶ್ನೆಗಳನ್ನು ಬರೆದು ಮೂರು ತಾಲ್ಲೂಕಿನ ಅಧಿಕಾರಿಗಳಿಗೂ ಮಾಯಸಂದ್ರದ ಪಂಚಾಯಿತಿಗೂ ಕಳಿಸಿದ್ದೇವೆ. ನಿಮ್ಮ ವ್ಯಾಪ್ತಿಯಲ್ಲಿ ಗುಂಡಿ ಖಾಲಿ ಮಾಡುವವರು ಯಾರು ಯಾರು, ಅವರ ಹೆಸರು ಯಾವ ಪುಸ್ತಕದಲ್ಲಿದೆ? ಹೀರುವ ಯಂತ್ರ ಎಷ್ಟಿವೆ, ಅದರಲ್ಲಿ ಓಡುವವು ಎಷ್ಟು? ಕಳೆದ ವರ್ಷ ಮನುಷ್ಯನನ್ನು ಇಳಿಸಿದ್ದಕ್ಕೆ ಯಾರ ಮೇಲಾದರೂ ಮೊಕದ್ದಮೆ ಹೂಡಿದ್ದೀರಾ? ಅಂಗಡಿಯ ಯಜಮಾನರು ಅರ್ಜಿಗೆ ರುಜು ಹಾಕಿದ್ದಾರೆ. ಗೋಡೆಗೆ ಒರಗಿ ಕೂತಿದ್ದವನು ಹೆಬ್ಬೆಟ್ಟು ಒತ್ತಿದ್ದಾನೆ. ಉತ್ತರ ಬಂದ ವಾರ ಅದನ್ನು ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ. ಬಾರದಿದ್ದರೆ ಎಷ್ಟು ವಾರವಾಯಿತೆಂದು ಪ್ರತಿ ಸಂಚಿಕೆಯಲ್ಲೂ ಎಣಿಸಿ ಹಾಕುತ್ತೇವೆ.